ಇದು ಕೋಳಿ ಅಂಕ ಅಲ್ಲ ದೊಡ್ಡಪ್ಪ

(ಉಡುಪಿ ಮನೆಯವರ ಗುಂಪು)

ಅಣ್ಣ: 📹 ಪೂಜಾ ತೋಮರ್. 2024ರ ಜೂನ್, ಅಮೆರಿಕದ ಲೂಯಿವಿಲ್. ಯುಎಫ್‌ಸಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಹುಡುಗಿ. ಯುಎಫ್‌ಸಿ ಅಂದರೆ ಗುದ್ದು, ಒದೆತ, ಹಿಡಿತ ಎಲ್ಲ ಸೇರಿದ ಹೊಡೆದಾಟದ ಪಂದ್ಯ ನಡೆಸುವ ಅಮೆರಿಕದ ಕಂಪನಿ. ಎಲ್ಲರೂ ನೋಡಿ.

ದೊಡ್ಡಪ್ಪ: ಎಂತ ಮಾರಾಯ ಇದು? ಬೆಳಿಗ್ಗೆ ಬೆಳಿಗ್ಗೆ ಪಂಜರದೊಳಗಿನ ಹೊಡೆದಾಟ ಕಳಿಸುವುದಾ? ಇದಕ್ಕೂ ಕೋಳಿ ಅಂಕಕ್ಕೂ ಏನು ವ್ಯತ್ಯಾಸ? ಸುತ್ತ ಜನ, ನಡುವೆ ರಕ್ತ, ಮೇಲೆ ಹಣ.

ಚಿಕ್ಕಮ್ಮ: ಸರಿಯಾಗಿ ಹೇಳಿದಿರಿ ಭಾವ. ನಮ್ಮ ಹುಡುಗಿ ಮಂಗಳೂರಿನಲ್ಲಿ ಇದೇ ಕ್ಲಾಸಿಗೆ ಸೇರುತ್ತೇನೆ ಅಂತ ಹಠ ಹಿಡಿದಿದ್ದಾಳೆ.

ನಾನು: ದೊಡ್ಡಪ್ಪ, ನಿಮ್ಮ ಮಾತನ್ನೇ ಅಮೆರಿಕದ ಸೆನೆಟರ್ ಜಾನ್ ಮೆಕೇನ್ 1990ರ ದಶಕದಲ್ಲಿ ಹೇಳಿದ್ದರು. ಮನುಷ್ಯರ ಕೋಳಿ ಅಂಕ ಅಂತ. ಆಗ ಅದರಲ್ಲಿ ಅರ್ಥವೂ ಇತ್ತು. 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ನಡೆದಾಗ ತೂಕದ ವಿಭಾಗವೇ ಇರಲಿಲ್ಲ. ಕಚ್ಚಬಾರದು, ಕಣ್ಣಿಗೆ ಬೆರಳು ಹಾಕಬಾರದು ಅನ್ನುವುದು ಬಿಟ್ಟರೆ ನಿಯಮ ತೀರಾ ಕಡಿಮೆ. ಎಷ್ಟೋ ರಾಜ್ಯಗಳು ನಿಷೇಧಿಸಿದವು. ನ್ಯೂಯಾರ್ಕ್ ಒಪ್ಪಿದ್ದು 2016ರಲ್ಲಿ.

ಆದರೆ ಅದೇ ಮೊದಲ ರಾತ್ರಿ ಗೆದ್ದದ್ದು ಯಾರು ಗೊತ್ತಾ? ಬ್ರೆಜಿಲ್‌ನ ರಾಯ್ಸ್ ಗ್ರೇಸಿ. ಸುಮಾರು 80 ಕೆ.ಜಿ.ಯ ಸಪೂರ ಮನುಷ್ಯ. ಒಂದೇ ರಾತ್ರಿ ಮೂವರನ್ನು ಸೋಲಿಸಿದ, ಗುದ್ದಿನಿಂದಲ್ಲ, ಹಿಡಿತದಿಂದ. ಜಪಾನಿನ ಮಿತ್ಸುಯೊ ಮಯೆದಾ ಬ್ರೆಜಿಲ್‌ಗೆ ಹೋಗಿ ಕಲಿಸಿದ ಜೂಡೋ ಗ್ರೇಸಿ ಮನೆತನದಲ್ಲಿ ಜಿಜುತ್ಸು ಅನ್ನುವ ನೆಲದ ಮೇಲಿನ ಹಿಡಿತ, ಪಟ್ಟಿನ ಕಲೆಯಾಗಿ ಬೆಳೆದಿತ್ತು. ಮೊದಲು ಎದುರಾದ ಆರ್ಟ್ ಜಿಮ್ಮರ್ಸನ್ ಬಾಕ್ಸರ್, ಒಂದೇ ಕೈಗೆ ಗ್ಲೌಸ್ ಹಾಕಿಕೊಂಡು ಬಂದಿದ್ದ. ಗ್ರೇಸಿ ಎದೆಯ ಮೇಲೆ ಕೂತದ್ದೇ ತಡ, ಆತ ನೆಲ ತಟ್ಟಿ ಸೋಲು ಒಪ್ಪಿದ.

ವ್ಯತ್ಯಾಸ ಅಲ್ಲೇ ಇರುವುದು. ಅಂಕದಲ್ಲಿ ಕೋಳಿಯ ಕಾಲಿಗೆ ಕತ್ತಿ ಕಟ್ಟುತ್ತಾರೆ. ಸಾಕು ಅನ್ನಲು ಅದಕ್ಕೆ ದಾರಿಯೇ ಇಲ್ಲ. ಇಲ್ಲಿ ತಟ್ಟಿದ ಕೂಡಲೇ ರೆಫರಿ ಬಿಡಿಸುತ್ತಾರೆ. ತಟ್ಟುವುದು ಅವಮಾನ ಅಲ್ಲ, ಮೊದಲ ದಿನವೇ ಅದನ್ನು ಕಲಿಸಬೇಕು. 2000ದಲ್ಲಿ ನ್ಯೂಜೆರ್ಸಿಯಲ್ಲಿ ಒಂದೇ ರೀತಿಯ ನಿಯಮಗಳ ಕೆಲಸ ಶುರುವಾಯಿತು. ತೂಕದ ವಿಭಾಗ, 5 ನಿಮಿಷದ ಸುತ್ತು, ತಲೆಯ ಹಿಂಭಾಗಕ್ಕೆ ಹೊಡೆಯುವಂತಿಲ್ಲ.

ದೊಡ್ಡಪ್ಪ: ಹಿಂಭಾಗ ಬಿಡು. ಮುಂಭಾಗಕ್ಕೆ ಬೀಳುವ ಪೆಟ್ಟು?

ನಾನು: ಅದು ನಿಜವಾದ ಭಯ. ಪದೇ ಪದೇ ತಲೆಗೆ ಬಿದ್ದರೆ ಮಿದುಳಿಗೆ ಹಾನಿ ಆಗುತ್ತದೆ. ಬಾಕ್ಸಿಂಗ್‌ನಲ್ಲೂ ಅದೇ ಅಪಾಯ ಉಂಟು. 2012ರಲ್ಲಿ ಮೇರಿ ಕೋಮ್ ಒಲಿಂಪಿಕ್ ಕಂಚು ತಂದಾಗ ನೀವು ಎಷ್ಟು ಖುಷಿಪಟ್ಟಿರಿ!

ದೊಡ್ಡಪ್ಪ: ಅದು ದೇಶಕ್ಕೆ ಆಡಿದ್ದು. ಇದು ಒಂದು ಕಂಪನಿಗೆ. ಪೆಟ್ಟು ತಿನ್ನುವವರು ಒಬ್ಬರು, ದುಡ್ಡು ಎಣಿಸುವವರು ಇನ್ನೊಬ್ಬರು.

ಅಣ್ಣ: ಇದರಲ್ಲಿ ನಾನು ದೊಡ್ಡಪ್ಪನ ಕಡೆ. 2001ರಲ್ಲಿ 20 ಲಕ್ಷ ಡಾಲರ್‌ಗೆ ಕೊಂಡ ಯುಎಫ್‌ಸಿಯನ್ನು 2016ರಲ್ಲಿ ಸುಮಾರು 400 ಕೋಟಿ ಡಾಲರ್‌ಗೆ ಮಾರಿದರು. ಪಂಜರದಲ್ಲಿ ಹೋರಾಡುವವರು ತಮ್ಮ ಪಾಲಿನ ಹಣಕ್ಕಾಗಿ ಕೋರ್ಟಿಗೆ ಹೋಗಬೇಕಾಯಿತು. 37.5 ಕೋಟಿ ಡಾಲರ್‌ಗೆ ರಾಜಿಯಾಯಿತು.

ನಾನು: ಅದಕ್ಕೆ ನನಗೂ ಸಿಟ್ಟು ಉಂಟು. ಆದರೆ ಆ ಸಿಟ್ಟನ್ನು ಕಂಪನಿಯ ಮೇಲೆ ಇಡಿ ದೊಡ್ಡಪ್ಪ, ಪೂಜಾಳ ಮೇಲೆ ಬೇಡ. ವುಶು ಅನ್ನುವ ಚೀನೀ ಸಮರಕಲೆ ಆಡಿ, ಉತ್ತರ ಪ್ರದೇಶದ ಹಳ್ಳಿ ಕಡೆಯಿಂದ ಅಲ್ಲಿವರೆಗೆ ಹೋದವಳು.

ಚಿಕ್ಕಮ್ಮ: ಭಾವ, ಹಿಡಿತ, ಪಟ್ಟು ಮಾತ್ರ ಕಲಿಸುವ ಕ್ಲಾಸ್ ಆದರೆ ನನಗೆ ಅಡ್ಡಿ ಇಲ್ಲ. ತಲೆಗೆ ಗುದ್ದುವ ಅಭ್ಯಾಸ ಈಗ ಬೇಡವೇ ಬೇಡ. ಸೇರಿಸುವ ಮೊದಲು ನಾನೇ ಹೋಗಿ ಕೋಚ್ ಹತ್ತಿರ ಮಾತಾಡುತ್ತೇನೆ.

ದೊಡ್ಡಪ್ಪ: ಹೋಗುವಾಗ ನನಗೂ ಹೇಳು. ನನಗೂ ಕೇಳುವುದು ಉಂಟು.