ಪಶ್ಚಿಮದ ಗೋಡೆಗೆ ಈ ಬೇಸಿಗೆಗೇ ನೆರಳು ಬೇಕು, ಯಾವ ಗಿಡ ಹಾಕಲಿ?

ಪ್ರಶ್ನೆ:
ಅಮ್ಮ ಮಲಗುವ ಕೋಣೆಯ ಗೋಡೆ ಪಶ್ಚಿಮಕ್ಕಿದೆ. ಮಧ್ಯಾಹ್ನದಿಂದ ಸಂಜೆವರೆಗೆ ಬಿಸಿಲು ಬಡಿಯುತ್ತದೆ. ರಾತ್ರಿ ಗೋಡೆ ಮುಟ್ಟಿದರೂ ಬಿಸಿ. ಅಮ್ಮನಿಗೆ ಸರಿಯಾಗಿ ನಿದ್ದೆಯೇ ಇಲ್ಲ. ಗೋಡೆ ಪಕ್ಕ ಮೂರು ಅಡಿ ಮಣ್ಣಿದೆ. ಬೇಸಿಗೆ ಶುರುವಾಗಲು ಇನ್ನೂ ಎರಡು ತಿಂಗಳಿದೆ. ಗೋಡೆಗೇ ಅಂಟಿ ಹಬ್ಬುವ ಬಳ್ಳಿ ಆಗುತ್ತಾ?

ಉತ್ತರ 1:
ನುಗ್ಗೆ ಹಾಕಿ. ಅದರಷ್ಟು ಬೇಗ ಬೆಳೆಯುವ ಮರ ಕಡಿಮೆ.

ಉತ್ತರ 2:
ನುಗ್ಗೆ ಬೇಗ ಬೆಳೆಯುತ್ತದೆ, ನಿಜ. ಆದರೆ ಕೊಂಬೆ ಮೆದು, ಜೋರು ಗಾಳಿಗೆ ಮುರಿಯುತ್ತದೆ. ಮೂರು ಅಡಿ ಜಾಗದಲ್ಲಿ ಮನೆಗೆ ಒತ್ತಿ ಅದು ಬೇಡ. ನೆರಳೂ ತೆಳು.

ಗೋಡೆಗೆ ಅಂಟುವ ಬಳ್ಳಿಯೂ ಬೇಡ. ಮುಂದೆ ಕಿತ್ತಾಗ ಬಣ್ಣದ ಜೊತೆ ಗಾರೆಯೂ ಕಿತ್ತು ಬರುತ್ತದೆ. ಗೋಡೆಯಿಂದ ಒಂದಡಿ ಬಿಟ್ಟು ಗಟ್ಟಿ ಕಂಬ ನೆಟ್ಟು, ಬಲೆ ಕಟ್ಟಿ, ಅದರ ಮೇಲೆ ಹಬ್ಬಿಸಿ. ಆ ಒಂದಡಿ ಸಂದಿಯನ್ನು ದಯವಿಟ್ಟು ಬಿಡಲೇಬೇಕು. ಬಿಸಿಲು ಎಲೆಯ ಮೇಲೇ ನಿಲ್ಲುತ್ತದೆ. ಸಂದಿಯಲ್ಲಿ ಕಾದ ಗಾಳಿ ಮೇಲೇರಿ ಹೋಗುತ್ತದೆ. ಎಲೆ ನೀರನ್ನು ಆವಿಯಾಗಿ ಬಿಡುವುದರಿಂದ ತಗಡಿನ ಹಾಗೆ ಕಾಯುವುದಿಲ್ಲ. ಸಂಜೆ ಬಿಸಿಲು ಓರೆಯಾಗಿ ಬರುವುದರಿಂದ ಸಜ್ಜ ಅದನ್ನು ತಡೆಯುವುದಿಲ್ಲ. ಒಳಗಿನ ಪರದೆಯೂ ಸಾಲದು, ಗಾಜು ದಾಟಿದ ಬಿಸಿ ಕೋಣೆಯಲ್ಲೇ ಉಳಿಯುತ್ತದೆ ಅಲ್ವಾ.

ಈ ವರ್ಷಕ್ಕೆ ಹೀರೆ ಅಥವಾ ಸೋರೆ ಸಾಕು. ಈಗಲೇ ಬೀಜ ಹಾಕಿದರೆ ಬಿಸಿಲು ಏರುವ ಹೊತ್ತಿಗೆ ಬಲೆ ತುಂಬುತ್ತದೆ. ಬಳ್ಳಿ ಮೊಣಕಾಲೆತ್ತರ ಬಂದಾಗ ತುದಿ ಚಿವುಟಿ, ಕವಲೊಡೆದು ಕೆಳಗಿನಿಂದಲೇ ದಟ್ಟವಾಗುತ್ತದೆ. ಇದನ್ನು ಮಾಡದಿದ್ದರೆ ಎಲೆಯೆಲ್ಲ ಮೇಲೆ, ಕೆಳಗೆ ಬರೀ ಕಾಂಡ. ಪಕ್ಕದಲ್ಲೇ ಒಂದು ಪ್ಯಾಶನ್ ಫ್ರೂಟ್ ಬಳ್ಳಿಯನ್ನೂ ನೆಟ್ಟಿಡಿ. ಹೀರೆ ಒಂದೇ ಹಂಗಾಮಿನದು, ಇದು ಕೆಲವು ವರ್ಷ ಬಾಳುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಆದರೆ ಕಿಟಕಿ ಮುಚ್ಚಿಹೋದರೆ ಗಾಳಿ? ಸೊಳ್ಳೆ ಜಾಸ್ತಿ ಆಗಲ್ವಾ?

ಉತ್ತರ 2:
ಕಿಟಕಿ ಎದುರು ಬಳ್ಳಿಯನ್ನು ಆಗಾಗ ಕತ್ತರಿಸಿ ತೆಳುವಾಗಿಡಿ, ಗಾಳಿ ಬರುತ್ತದೆ. ಸೊಳ್ಳೆ ಮೊಟ್ಟೆ ಇಡುವುದು ನಿಂತ ನೀರಲ್ಲಿ. ಹಾಗಾಗಿ ಕುಂಡದ ಕೆಳಗಿನ ತಟ್ಟೆ, ಬಕೆಟ್ ಖಾಲಿ ಇರಲಿ. ಬೇಸಿಗೆಯಲ್ಲಿ ಬಳ್ಳಿ ತುಂಬಾ ನೀರು ಕುಡಿಯುತ್ತದೆ. ಬೆಳಿಗ್ಗೆ ಬುಡಕ್ಕೆ ನೀರು ಹಾಕಿ, ಮೇಲೆ ಒಣ ಎಲೆ ದಪ್ಪಗೆ ಮುಚ್ಚಿ. ಒಂದೆರಡು ದಿನ ನೀರು ತಪ್ಪಿದರೂ ಎಲೆ ಬಾಡಿ, ಅಮ್ಮನ ಕೋಣೆ ಮತ್ತೆ ಕಾಯುತ್ತದೆ.

ಉತ್ತರ 3:
ಕಂಬವನ್ನು ಎರಡಡಿ ಆಳಕ್ಕಾದರೂ ಹೂಳಿ. ಮಳೆ ಗಾಳಿಗೆ ಒದ್ದೆ ಬಳ್ಳಿಯ ಭಾರ ಸಣ್ಣದಲ್ಲ.