ಮೂರು ಕಾಲಿನ ಸ್ಟ್ಯಾಂಡೂ ನಾಲ್ಕು ಚಕ್ರದ ಜೀಪೂ

ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಕೋಲಾರ ಜಿಲ್ಲೆಯಲ್ಲಿ, 1,200 ಅಡಿ ಕೊರೆದರೂ ಬೋರ್‌ವೆಲ್ಲಿನಿಂದ ಧೂಳೇ ಏಳುವ ನಮ್ಮ ಊರಿನಲ್ಲಿ, ಒಂದು ಹಳೆಯ ಮಹೀಂದ್ರ ಜೀಪಿನ ಚಾಸಿಗೆ, ಎಂದರೆ ಎಂಜಿನ್ನು, ಬಾಡಿ ಎಲ್ಲವನ್ನೂ ಹೊರುವ ಅಡಿಚೌಕಟ್ಟಿಗೆ, ಮಾತ್ರ ತುಕ್ಕು ಹಿಡಿಯುವಷ್ಟು ನೀರು ಎಲ್ಲಿಂದ ಸಿಕ್ಕಿತು ಎಂಬ ಪ್ರಶ್ನೆಯನ್ನು ಟೊಮೆಟೊ ಮಂಡಿಯ ಸಾಹುಕಾರರು ಎತ್ತಿದರು. ಜೀಪು ತಮ್ಮ ಕೈಗೆ ಬರುವ ಮುನ್ನ ಉಡುಪಿಯ ಕಡಲ ದಂಡೆಯಲ್ಲಿ ಬಾಳಿ ಬಂದದ್ದೆಂದು ಅದರ ಯಜಮಾನರು ತಗ್ಗಿದ ದನಿಯಲ್ಲಿ ತಿಳಿಸಿದರು.

"ಹಾಗಾದರೆ ತಾವು ಕೊಂಡದ್ದು ಜೀಪನ್ನಲ್ಲ, ಉಪ್ಪಿನಕಾಯಿಯನ್ನು," ಎಂದರು ವಿಜ್ಞಾನದ ಮೇಷ್ಟ್ರು. ಉಪ್ಪು ಬೆರೆತ ತೇವವು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ತುಕ್ಕು ಬೇಗ ಹಬ್ಬುತ್ತದೆಂದೂ, ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಪದರಪದರವಾಗಿ ಉಬ್ಬುತ್ತದೆಂದೂ, ಆದ್ದರಿಂದ ಹೊರಗೆ ದಪ್ಪನಾಗಿ ಕಾಣುವ ಚಾಸಿ ಒಳಗೆ ಹಪ್ಪಳವಾಗಿರಬಹುದೆಂದೂ ಅವರು ಒಂದೇ ಉಸಿರಿನಲ್ಲಿ ವಿವರಿಸಿದರು. ಸುತ್ತಿಗೆಯಿಂದ ತಟ್ಟಿ ನೋಡಲಾಗಿ, ಟಣ್ ಎನ್ನಬೇಕಾದ ಕಡೆ ಅದು ಬೊದ್ ಎಂದಿತು. ಸ್ಕ್ರೂಡ್ರೈವರು ಚುಚ್ಚಿದರೆ ಸಂಕೋಚವಿಲ್ಲದೆ ಒಳಗೇ ಹೋಯಿತು. ತೇಪೆ ಹಾಕಲು ಬೆಸುಗೆ ಹಿಡಿಯುವಷ್ಟಾದರೂ ಗಟ್ಟಿ ಲೋಹ ಬೇಕಲ್ಲವೇ? ಚಾಸಿಯನ್ನೇ ಬದಲಿಸಬೇಕೆಂಬ ವಿಷಯದಲ್ಲಿ ನಾವೆಲ್ಲರೂ ಒಮ್ಮತಕ್ಕೆ ಬಂದೆವು. ನಮ್ಮ ಹರಟೆಯಲ್ಲಿ ಇದು ಅಪರೂಪ.

ಆದರೆ ಚಾಸಿಯ ಮೇಲಿನ ಬಾಡಿಯನ್ನು ಎತ್ತಲು ಮನೆಯಂಗಳದಲ್ಲಿ ಲಿಫ್ಟ್ ಎಲ್ಲಿದೆ ಎಂದು ಯಜಮಾನರು ತಲೆಯ ಮೇಲೆ ಕೈಹೊತ್ತರು.

"ಲಿಫ್ಟ್ ಯಾಕೆ ಬೇಕು? ಬೋರ್‌ವೆಲ್ ಮೋಟಾರು ಎತ್ತುವವರು ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಸಾವಿರ ಅಡಿ ಆಳದಿಂದ ಪೈಪು ಸಮೇತ ಮೋಟಾರನ್ನು ಮೇಲಕ್ಕೆ ತರುತ್ತಾರೆ. ಅಂಥವರಿಗೆ ತಮ್ಮ ಜೀಪಿನ ಬಾಡಿ ಒಂದು ಲೆಕ್ಕವೇ?" ಎಂದು ಸಾಹುಕಾರರು ಮೀಸೆ ತೀಡಿದರು. ಈ ಒಂದು ಮಾತಿಗಾಗಿ ಅವರ ಹಿಂದಿನ ಎಲ್ಲ ಸಲಹೆಗಳನ್ನೂ ನಾನು ಮನ್ನಿಸಿದ್ದೇನೆ. ನಮ್ಮ ಜಿಲ್ಲೆಗೆ ನೀರಿನ ಬರವಿರಬಹುದು, ಭಾರ ಎತ್ತುವವರ ಬರವಂತೂ ಇಲ್ಲ. ಸೀಟು, ಬಾನೆಟ್ಟು, ಮಡ್‌ಗಾರ್ಡು, ಮುಂದಿನ ಗಾಜಿನ ಚೌಕಟ್ಟುಗಳನ್ನು ಬಿಚ್ಚಿಟ್ಟರೆ ಉಳಿಯುವ ಬಾಡಿಯನ್ನು, ಆ ಸ್ಟ್ಯಾಂಡಿಗೆ ತೂಗುಹಾಕಿದ ಚೈನ್ ಬ್ಲಾಕಿನಿಂದ, ಎಂದರೆ ಸರಪಳಿ ಎಳೆದು ಭಾರ ಎತ್ತುವ ರಾಟೆಯಿಂದ, ಸಲೀಸಾಗಿ ಎತ್ತಬಹುದು. ಹಳೆಯ ಚಾಸಿಯನ್ನು ಅದರ ಚಕ್ರಗಳ ಮೇಲೆಯೇ ಹೊರಗೆ ತಳ್ಳಬಹುದು. ಆಮೇಲೆ ಎಂಜಿನ್ನು ಮತ್ತು ಗೇರ್ ಬಾಕ್ಸನ್ನೂ ಅದೇ ಸ್ಟ್ಯಾಂಡಿನಿಂದ ಇಳಿಸಿಕೊಳ್ಳಬಹುದು. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಬೇಕಾದ್ದರಿಂದ ಬಾಡಿ ಗೇಣೆತ್ತರ ಏಳಲು ಮಾರುಗಟ್ಟಲೆ ಸರಪಳಿ ಎಳೆಯಬೇಕಾಗುತ್ತದೆ ಎಂದು ಮೇಷ್ಟ್ರು ಎಚ್ಚರಿಸಿದಾಗ, ಸರಪಳಿ ಎಳೆಯುವ ಕೆಲಸವನ್ನು ಎಲ್ಲರೂ ಅವರಿಗೇ ವಹಿಸಿದರು.

ಎತ್ತಿದ ಬಾಡಿಯನ್ನು ಮಂಡಿಯ ಪ್ಲಾಸ್ಟಿಕ್ ಕ್ರೇಟುಗಳ ಮೇಲೆ ಕೂರಿಸೋಣವೆಂದು ಸಾಹುಕಾರರು ಉದಾರವಾಗಿ ಮುಂದಾದರು. ಹದಿನೈದು ಕೆಜಿ ಟೊಮೆಟೊ ಹೊರುವ ಕ್ರೇಟಿನ ಮೇಲೆ ಜೀಪನ್ನು ಕೂರಿಸಿದರೆ ಕೆಳಗಿದ್ದವನು ಗೊಜ್ಜಾಗುತ್ತಾನೆ ಎಂದು ವಕೀಲರು ತಡೆದರು. ಸಿಮೆಂಟಿನ ಹಾಲೋ ಬ್ಲಾಕು ಕೂಡ ಹೇಳದೆ ಕೇಳದೆ ಒಡೆಯುವ ಜಾತಿಯದು. ದಪ್ಪ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡಲಾಗಿ ಪೇರಿಸಿ ಅದರ ಮೇಲೆ ಬಾಡಿಯನ್ನು ಇಳಿಸಬೇಕು. ಜಾಕ್ ಇರುವುದು ಎತ್ತುವುದಕ್ಕೇ ಹೊರತು ಹೊತ್ತು ನಿಲ್ಲುವುದಕ್ಕಲ್ಲ. ಸರಪಳಿಗೆ ತೂಗುವ ಬಾಡಿಯ ಕೆಳಗೆ ಯಾರೂ ತಲೆ ಹಾಕಬಾರದು. ಕ್ರೇಟುಗಳಿಗೂ ಕೆಲಸ ಸಿಕ್ಕಿತು: ಬಿಚ್ಚಿದ ನಟ್ಟು ಬೋಲ್ಟುಗಳನ್ನು ಜಾಗದ ಹೆಸರು ಬರೆದು ಅವುಗಳಲ್ಲಿ ತುಂಬಿಡುವುದೆಂದಾಯಿತು.

"ಒಂದು ಭಾನುವಾರ ಸಾಕಲ್ಲವೇ?" ಎಂದು ಯಜಮಾನರು ಕೇಳಿದ್ದೇ ತಡ, ಮೇಷ್ಟ್ರು ನಕ್ಕರು. ಬ್ಯಾಟರಿಯ ನೆಗೆಟಿವ್ ತಂತಿಯಿಂದ ಆರಂಭಿಸಿ ಸ್ಟೇರಿಂಗ್ ಕಾಲಮ್ಮು, ಬ್ರೇಕಿನ ಪೈಪುಗಳು, ಹ್ಯಾಂಡ್ ಬ್ರೇಕಿನ ಕೇಬಲ್ಲು, ರೇಡಿಯೇಟರಿನ ಹೋಸುಗಳು, ಡೀಸೆಲ್ ಪೈಪು, ವೈರಿಂಗು ಎಲ್ಲವನ್ನೂ ಫೋಟೊ ತೆಗೆದು ಚೀಟಿ ಅಂಟಿಸಿ ಬಿಡಿಸದೆ ಬಾಡಿಯನ್ನು ಎತ್ತಿದರೆ, ಮರೆತ ಒಂದು ತಂತಿ ಆ ಗಳಿಗೆಯಲ್ಲೇ ತನ್ನ ಇರವನ್ನು ಸಾರುತ್ತದೆ. ತುಕ್ಕು ಹಿಡಿದ ಬಾಡಿ ಬೋಲ್ಟುಗಳು ಸ್ಪ್ಯಾನರಿಗೆ ಜಗ್ಗದಿದ್ದರೆ ಗ್ರೈಂಡರಿನಿಂದ ಕತ್ತರಿಸಬೇಕು, ಅದಕ್ಕೂ ಮುನ್ನ ಡೀಸೆಲ್ ಟ್ಯಾಂಕನ್ನು ಕಳಚಿ ದೂರ ಇಟ್ಟಿರಬೇಕು. ಆಕ್ಸಲ್ಲುಗಳನ್ನು ಹೊಸ ಚಾಸಿಗೆ ಕೂರಿಸುವಾಗ ಸ್ಪ್ರಿಂಗ್ ಪಟ್ಟಿಗಳ ಯು ಬೋಲ್ಟುಗಳನ್ನು ಹೊಸದಾಗಿಯೇ ಹಾಕಬೇಕು. ಹೊಸ ಚಾಸಿ ಬಂದೊಡನೆ ಅದರ ಎರಡು ಕರ್ಣಗಳನ್ನು ಟೇಪಿನಿಂದ ಅಳೆಯಬೇಕೆಂದೂ, ಅವು ಸಮವಾಗಿರದಿದ್ದರೆ ಚಾಸಿ ಸೊಟ್ಟಗಿದೆಯೆಂದೂ ಹೇಳುವಾಗ ಮೇಷ್ಟ್ರ ಮುಖದಲ್ಲಿ, ರೇಖಾಗಣಿತ ಕೊನೆಗೂ ಒಬ್ಬರ ಉಪಯೋಗಕ್ಕೆ ಬಂತೆಂಬ ತೃಪ್ತಿಯಿತ್ತು.

ಇಷ್ಟಾಗುವಾಗ ಸಾಹುಕಾರರಿಗೆ ಇನ್ನೊಂದು ಹೊಳಹು ಬಂದಿತು. "ಹಳೆಯ ಚಾಸಿಯ ನಂಬರಿರುವ ತುಂಡನ್ನು ಕತ್ತರಿಸಿ ಹೊಸದಕ್ಕೆ ಬೆಸೆದರೆ ಮುಗಿಯಿತಲ್ಲ?"

ವಕೀಲರು ಕಾಫಿ ಲೋಟವನ್ನು ಕೆಳಗಿಟ್ಟರು. "ಸಾಹುಕಾರರೇ, ಕಳ್ಳ ಗಾಡಿಗಳಿಗೆ ಮಾಡುವ ಶೃಂಗಾರವನ್ನು ತಾವು ನೆಟ್ಟಗಿರುವ ಗಾಡಿಗೆ ಮಾಡಿಸಲು ಹೊರಟಿದ್ದೀರಿ," ಎಂದ ಅವರು, ಗಾಡಿಯ ಗುರುತು ಇರುವುದೇ ಆ ನಂಬರಿನಲ್ಲೆಂದೂ, ನೋಂದಣಿ ಪುಸ್ತಕದ ವಿವರಕ್ಕೂ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಾಡು ಮಾಡುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿರ್ಬಂಧಿಸುತ್ತದೆಂದೂ, ಆದ್ದರಿಂದ ಚಾಸಿ ಕೊಳ್ಳುವ ಮುನ್ನವೇ ಆರ್‌ಟಿಒ ಕಚೇರಿಗೆ ಅರ್ಜಿ ಹೋಗಬೇಕೆಂದೂ ತಿಳಿಸಿದರು.

ಹಾಗಾದರೆ ಕೆಲಸಕ್ಕೆ ಮುಹೂರ್ತ ಯಾವಾಗ? ಬೇಸಿಗೆಯಲ್ಲಿ ಬೋರ್‌ವೆಲ್ಲುಗಳು ಬತ್ತಿ ಮೋಟಾರು ಎತ್ತುವವರಿಗೆ ಬಿಡುವಿರುವುದಿಲ್ಲವಾದ್ದರಿಂದ ಮಳೆಗಾಲವೇ ಲೇಸೆಂದು ಸಾಹುಕಾರರು ವಾದಿಸಿದರು. ಮಳೆಗಾಲದಲ್ಲಿ ಅಂಗಳದಲ್ಲಿಟ್ಟ ಹೊಸ ಚಾಸಿಯು ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಯುವ ಮೊದಲೇ ತುಕ್ಕಿಗೆ ನಾಂದಿ ಹಾಡುತ್ತದೆಂದು ಮೇಷ್ಟ್ರು ವಿರೋಧಿಸಿದರು. ಅರ್ಜಿ ಮಂಜೂರಾಗುವುದು ಯಾವ ಕಾಲದಲ್ಲೆಂದು ನೋಡಿಕೊಂಡು ಆಮೇಲೆ ಜಗಳವಾಡಿರೆಂದು ವಕೀಲರು ಇಬ್ಬರನ್ನೂ ಸುಮ್ಮನಾಗಿಸಿದರು. ಬೋಲ್ಟುಗಳಿಗೆ ಎಣ್ಣೆ ಬಿಟ್ಟು ನೆನೆಸಿಡಲು ಮಾತ್ರ ಯಾರ ಅಪ್ಪಣೆಯೂ ಬೇಡವೆಂದು ತಿಳಿದು, ಯಜಮಾನರು ಎಣ್ಣೆಯ ಡಬ್ಬಿ ಹಿಡಿದು ಎದ್ದರು.