ಸಹಾಯ ಬೇಕು: ಯುರೋಪ್ ಬಸ್ ಟೂರಿಗೆ ಗೈಡ್ ಬೇಕಾ, ಬೇಡವಾ?

ನಮಸ್ಕಾರ. ನಾವು ಬದಿಯಡ್ಕ ಕಡೆಯವರು. ಮೇ ತಿಂಗಳಲ್ಲಿ ನಾನು, ಹೆಂಡತಿ, 68 ವರ್ಷದ ಅಮ್ಮ ಯುರೋಪಿಗೆ ಹೊರಟಿದ್ದೇವೆ. ಪ್ಯಾರಿಸ್, ಲ್ಯೂಸರ್ನ್, ವೆನಿಸ್, ರೋಮ್. ಅಡಿಕೆಗೆ ಒಳ್ಳೆ ರೇಟು ಸಿಕ್ಕಿದ ಧೈರ್ಯ, ಅಷ್ಟೇ.

ಕೈಯಲ್ಲಿ ಎರಡು ಕೊಟೇಶನ್ ಇದೆ. ಒಂದರಲ್ಲಿ ಗೈಡ್ ಕೊನೆತನಕ ಜೊತೆಗಿರುತ್ತಾರೆ, ಊಟ, ಟಿಕೆಟ್ ಎಲ್ಲ ಅವರದೇ. ಇನ್ನೊಂದರಲ್ಲಿ ಬಸ್ಸು, ಹೋಟೆಲ್ ಮಾತ್ರ, ಊರಿಗೆ ತಂದು ಇಳಿಸಿದ ಮೇಲೆ ನಮ್ಮ ದಾರಿ ನಮಗೆ, ತಲೆಗೆ 55 ಸಾವಿರ ಕಮ್ಮಿ. ಇಬ್ಬರಿಗೂ ಫೋನ್ ಮಾಡಿದೆ, ಇಬ್ಬರೂ ತಮ್ಮದೇ ಒಳ್ಳೇದು ಅಂತಾರೆ, ಮತ್ತೇನು ಹೇಳ್ತಾರೆ ಅಲ್ವಾ. ಮೊದಲು ಹೋಗಿಬಂದ ಭಾವ ಹೇಳೋದು, ಗೈಡ್ ಇದ್ದರೆ ಅವರು ಹಿಡಿದ ಬಾವುಟದ ಹಿಂದೆ ಓಡೋದೇ ಕೆಲಸ, ಫೋಟೋ ತೆಗೆಯೋ ಹೊತ್ತಿಗೆ ಬಸ್ ಹತ್ತಿ ಅಂತಾರಂತೆ.

ಅಮ್ಮನಿಗೆ ಮಂಡಿನೋವು, ಓಡೋದು ಆಗೋದಿಲ್ಲ. ಹಾಗಾಗಿ ಗೈಡ್ ಇಲ್ಲದ್ದೇ ವಾಸಿ ಅಂದುಕೊಂಡಿದ್ದೆ. ಆದರೆ ವೆನಿಸ್ ಒಳಗೆ ಬಸ್ಸೇ ಹೋಗೋದಿಲ್ಲ, ಊರಂಚಿನ ಟ್ರೊಂಕೆಟ್ಟೊ ಅನ್ನೋ ಕಡೆ ಇಳಿದು ದೋಣಿ ಹಿಡಿಯಬೇಕು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ, ರೋಮ್‌ನ ಕೊಲೊಸಿಯಂ ಟಿಕೆಟ್ಟಿಗೆ ಗಂಟೆ ನಿಗದಿ ಮಾಡಿ ಮುಂಚೆಯೇ ಬುಕ್ ಮಾಡಬೇಕು. ಬಸ್ ತಡವಾದರೆ ದುಡ್ಡು ಹೋಯ್ತು. ಅಲ್ಲಿ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಲೇಬೇಕು, ಅವಸರ ಮಾಡಿ ಅನ್ನೋ ಹಾಗೂ ಇಲ್ಲ. ಇಲ್ಲೇ ನನ್ನ ತಲೆ ಕೆಟ್ಟಿರೋದು.

ವಯಸ್ಸಾದವರನ್ನು ಗೈಡ್ ಇಲ್ಲದ ಬಸ್ಸಲ್ಲಿ ಕರ್ಕೊಂಡು ಹೋದವರು ಇಲ್ಲಿ ಇದ್ದೀರಾ? ಟಿಕೆಟ್ಟಿನ ಗಂಟೆಗೂ ಬಸ್ಸಿನ ಗಂಟೆಗೂ ಹೇಗೆ ಹೊಂದಿಸಿದಿರಿ? 55 ಸಾವಿರ ಉಳಿಸೋದು ಸರಿಯಾ, ಸುಮ್ನೆ ಗೈಡ್ ಇರೋದನ್ನೇ ತಗೊಳ್ಳಲಾ?